ಜೋಡಿಯಾಗದ ಅರವತ್ತೊಂದು ಸಾಲು

ಅಡಿಕೋಲನ್ನು ಒಂದು ಸಾಲು ಕೆಳಕ್ಕೆ ಜಾರಿಸಿ ಮೂಕಾಂಬಿಕಾ ಮುಂದಿನ ಹೆಸರನ್ನು ಕಂಪ್ಯೂಟರಿಗೆ ಹೊಡೆದಳು. ಯಜಮಾನನ ಹೆಸರು, ಹೆಂಡತಿಯ ಹೆಸರು, ಮನೆಯ ಹೆಸರು, ಊರು, ಮದುವೆಯ ವರ್ಷ. ಮತ್ತೆ ಅಡಿಕೋಲು ಒಂದು ಸಾಲು ಕೆಳಕ್ಕೆ. ಪುಸ್ತಕದ ಹಾಳೆಗಳು ಹಪ್ಪಳದ ಹಾಗೆ ಒಣಗಿಹೋಗಿದ್ದವು. ಬೆರಳು ಹಚ್ಚಿ ಮಗುಚಿದರೆ ಮೂಲೆಗಳು ಕೈಗೇ ಬರುತ್ತಿದ್ದವು. ಅವಳು ಹಾಳೆಯ ಅಡಿಗೆ ಹಳೆಯದೊಂದು ಲಗ್ನಪತ್ರಿಕೆ ತೂರಿಸಿ, ಮಲಗಿದ ಕೂಸಿನ ಮಗ್ಗುಲು ಬದಲಾಯಿಸುವ ಹಾಗೆ ಮೆಲ್ಲಗೆ ಮಗುಚುತ್ತಿದ್ದಳು. ಇನ್ನು ಎರಡು ಹಾಳೆ ಮುಗಿದರೆ ಏಳು ತಿಂಗಳ ಕೆಲಸ ಮುಗಿದ ಹಾಗೆ.

"ಹೊಡಿ, ಹೊಡಿ. ಚಿತ್ರಗುಪ್ತನ ತಂಗಿ ನೀನು," ಎಂದಳು ಪಕ್ಕದ ಮೇಜಿನ ದೀಪಶ್ರೀ. ಫೋನೆತ್ತುವುದು, ಬಂದವರನ್ನು ಕೂರಿಸಿ ಮಾತಾಡಿಸುವುದು ಅವಳ ಕೆಲಸ. ಇಬ್ಬರಿಗೂ ಐವತ್ತು ಹತ್ತಿರ.

"ಚಿತ್ರಗುಪ್ತನಿಗಾದ್ರೂ ಕೂರ್ಲಿಕ್ಕೆ ಒಳ್ಳೆ ಕುರ್ಚಿ ಕೊಟ್ಟಿರ್ತಾರೆ ಮಾರಾಯ್ತಿ. ನಂಗೆ ನೋಡು, ಒಂದು ಕಾಲು ಮೋಟು."

ನೆಮ್ಮಾರಿನ ಆಚೆ, ಕಾಡಂಚಿನಲ್ಲಿ ಸಣ್ಣದೊಂದು ದೇವಿಯ ಗುಡಿ. ಅದರ ಕಚೇರಿ ಮಾತ್ರ ಶೃಂಗೇರಿ ಪೇಟೆಯಲ್ಲಿ, ಯಾತ್ರಿಗಳು ಇಳಿದುಕೊಳ್ಳುವ ಒಂದು ಲಾಡ್ಜಿನ ಮೇಲ್ಮಹಡಿಯಲ್ಲಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರು ತಾಲ್ಲೂಕಿನ ಮನೆಯವರು ತಮ್ಮಲ್ಲಿ ಯಾರಾದರೂ ತೀರಿಕೊಂಡರೆ ಆ ಗುಡಿಯಲ್ಲಿ ಶಾಶ್ವತ ಸೇವೆ ಬರೆಸುತ್ತಾರೆ. ಒಂದು ಸಲ ಬರೆಸಿದರೆ ಆಯಿತು, ಪ್ರತಿ ವರ್ಷ ಆ ತಿಥಿಯ ದಿನ ಅರ್ಚಕರು ಹೋದವರ ಹೆಸರು ಹೇಳಿ ಒಂದು ದೀಪ ಹಚ್ಚುತ್ತಾರೆ. ಬರೆಸಿದವರೂ ಹೋಗಿಬಿಟ್ಟ ಮೇಲೂ ಹೆಸರು ಮಾತ್ರ ವರ್ಷಕ್ಕೊಮ್ಮೆ ಆ ಗರ್ಭಗುಡಿಯ ಮುಂದೆ ಕೇಳಿಸುತ್ತಲೇ ಇರುತ್ತದೆ. ಎಪ್ಪತ್ತು ವರ್ಷದಿಂದ ಹೀಗೆ ನಡೆದುಬಂದಿತ್ತು.

ಇದಕ್ಕಾಗಿ ಎರಡು ಪುಸ್ತಕ. ಒಂದು ಕುಟುಂಬದ್ದು: ಯಾವ ಮನೆಯಲ್ಲಿ ಯಾರಿದ್ದಾರೆ, ಫೋನ್ ಯಾವುದು ಎಂಬುದು. ಇನ್ನೊಂದು ಸೇವೆಯದ್ದು: ಯಾರ ಹೆಸರಲ್ಲಿ, ಯಾವ ತಿಥಿಗೆ, ಯಾರು ಬರೆಸಿದ್ದು ಎಂಬುದು. ಎರಡನ್ನೂ ಕಂಪ್ಯೂಟರಿಗೆ ಹಾಕಿ ಜೋಡಿಸಿದರೆ ತಿಥಿಯ ಹಿಂದಿನ ದಿನ ಆಯಾ ಮನೆಯ ಫೋನಿಗೆ ಮೆಸೇಜು ತಾನಾಗಿಯೇ ಹೋಗುತ್ತದೆಂದು ಟ್ರಸ್ಟಿನವರು ಯೋಚಿಸಿದ್ದರು. ಇನ್ನು ಮುಂದೆ ಅರ್ಚಕರು ಓದುವುದೂ ಕಂಪ್ಯೂಟರಿನಿಂದ ಬರುವ ಪಟ್ಟಿಯನ್ನೇ. ಹುಳ ಹಿಡಿದ ಪುಸ್ತಕಗಳನ್ನು ಪಿತೃಪಕ್ಷ ಮುಗಿದ ಮೇಲೆ ವಿಲೇವಾರಿ ಮಾಡುವುದೆಂದೂ ತೀರ್ಮಾನವಾಗಿತ್ತು. ಪಕ್ಷ ಶುರುವಾಗಲು ಇನ್ನೊಂದು ವಾರವಿತ್ತು. ಸೋಮವಾರ ಸಂಜೆಯೊಳಗೆ ಪಟ್ಟಿ ಅಂತಿಮವಾಗಬೇಕು ಎಂದು ಕೊಪ್ಪದ ಶಶಾಂಕ ಹೇಳಿದ್ದ. ಸಾಫ್ಟ್‌ವೇರ್ ಅವನದು.

ಶುಕ್ರವಾರ ಮೂರು ಗಂಟೆಗೆ ಕೊನೆಯ ಸಾಲು ಮುಗಿಯಿತು. ಮೂಕಾಂಬಿಕಾ ಬೆರಳು ನೀವಿಕೊಂಡು ಎರಡೂ ಪುಸ್ತಕ ಜೋಡಿಸಲು ಶಶಾಂಕ ಬರೆದುಕೊಟ್ಟಿದ್ದ ಕ್ವೆರಿಯನ್ನು ತೆರೆದಳು. ಅದನ್ನು ಬರೆಯುವ ಭಾಷೆ, ಎಸ್‌ಕ್ಯೂಎಲ್, ಅವಳಿಗೆ ತೀರ ಹೊಸದೇನಲ್ಲ. ಮದುವೆಗೆ ಮೊದಲು ಕೊಪ್ಪದಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮಾಡಿದ್ದಳು. ಮರೆತದ್ದನ್ನು ಈಗ ಫೋನಿನಲ್ಲಿ ವಿಡಿಯೊ ನೋಡಿ ಮತ್ತೆ ಕಲಿತಿದ್ದಳು. ಹಳೆಯ ಪುಸ್ತಕಗಳಲ್ಲಿ ಮನೆಗೊಂದು, ಮನುಷ್ಯನಿಗೊಂದು ಅಂತ ನಂಬರು ಇರಲಿಲ್ಲ. ಹಾಗಾಗಿ ವ್ಯಕ್ತಿಯ ಹೆಸರು ಮತ್ತು ಮನೆಯ ಹೆಸರು ಎರಡೂ ತಾಳೆಯಾದರೆ ಜೋಡಿ ಎಂದು ಇಟ್ಟುಕೊಂಡಿದ್ದರು.

ಇನ್ನರ್ ಜಾಯಿನ್ ಓಡಿಸಿದಳು. ಎರಡು ಸಾವಿರದ ಇನ್ನೂರ ನಲವತ್ತೆಂಟು ಸಾಲು ಬಂತು. ಸೇವೆಯ ಪುಸ್ತಕದಿಂದ ಅವಳು ಹೊಡೆದದ್ದು ಎರಡು ಸಾವಿರದ ಮುನ್ನೂರ ಒಂಬತ್ತು.

"ಅರವತ್ತೊಂದು ಜನ ಎಲ್ಲಿ ಹೋದರು?" ಎಂದಳು.

"ಎಲ್ಲಿಗೆ ಹೋಗ್ತಾರೆ? ಮೊದಲೇ ಹೋದವರು," ಎಂದಳು ದೀಪಶ್ರೀ. ಆಮೇಲೆ ಕುತೂಹಲಕ್ಕೆ ಕುರ್ಚಿ ಎಳೆದುಕೊಂಡು ಬಂದಳು. "ಎಂತ ಅದು ಜಾಯಿನ್ ಅಂದ್ರೆ? ನಂಗೆ ತಿಳಿಯೋ ಹಾಗೆ ಹೇಳು."

"ಊಟದ ಪಂಕ್ತಿ ಅಂದ್ಕೋ. ಎದುರುಬದುರು ಎರಡು ಸಾಲು. ಎಡಗಡೆ ಸೇವೆ, ಬಲಗಡೆ ಕುಟುಂಬ. ಇನ್ನರ್ ಜಾಯಿನ್ ಮಾಡಿದರೆ ಎದುರಿಗೆ ತಮ್ಮವರು ಕೂತಿದ್ದರೆ ಮಾತ್ರ ಎಲೆ. ಯಾರೂ ಇಲ್ಲದವರನ್ನ ಎಬ್ಬಿಸಿ ಕಳಿಸಿಬಿಡ್ತದೆ. ಹೇಳೋದೂ ಇಲ್ಲ, ಕೇಳೋದೂ ಇಲ್ಲ."

"ಅಯ್ಯೋ, ಯಾವ ಮನೆ ಮರ್ಯಾದೆ ಅದು!"

"ಲೆಫ್ಟ್ ಜಾಯಿನ್ ಮಾಡಿದರೆ ಎಡಗಡೆ ಕೂತವರಿಗೆಲ್ಲ ಎಲೆ ಉಂಟು. ಎದುರು ಯಾರೂ ಇಲ್ಲದಿದ್ದರೆ ಆ ಜಾಗ ಖಾಲಿ ಅಂತ ತೋರಿಸ್ತದೆ. ನಲ್ ಅಂತ ಬರ್ತದೆ."

ಇನ್ನರ್ ಎಂದಿದ್ದಲ್ಲಿ ಲೆಫ್ಟ್ ಎಂದು ತಿದ್ದಿ, ಎದುರು ಖಾಲಿ ಇರುವವರನ್ನು ಮಾತ್ರ ತೋರಿಸು ಎಂದಳು. ಅರವತ್ತೊಂದು ಸಾಲು ಪರದೆಯ ಮೇಲೆ ಇಳಿದವು. ಎಡಕ್ಕೆ ಒಂದೊಂದು ಹೆಸರು. ಬಲಕ್ಕೆ ಮೇಲಿನಿಂದ ಕೆಳಗಿನವರೆಗೆ ನಲ್, ನಲ್, ನಲ್.

ಮೂರೋ ನಾಲ್ಕೋ ಬಿಟ್ಟರೆ ಎಲ್ಲವೂ ಹೆಂಗಸರ ಹೆಸರು.

ಕಾರಣ ಹೊಳೆಯಲು ಅವಳಿಗೆ ಬಹಳ ಹೊತ್ತು ಬೇಕಾಗಲಿಲ್ಲ. ಇವೆಲ್ಲ ತವರಿನವರು ಬರೆಸಿದ ಸೇವೆಗಳು. ಅಪ್ಪನೋ ಅಮ್ಮನೋ ಅಣ್ಣನೋ ಬಂದು ತಾವು ಇಟ್ಟ ಹೆಸರನ್ನೇ ಬರೆಸಿ ಹೋಗಿದ್ದಾರೆ. ಕುಟುಂಬದ ಪುಸ್ತಕದಲ್ಲೋ, ಆ ಮಗಳು ಗಂಡನ ಮನೆಯಲ್ಲಿ ಧಾರೆಯ ದಿನ ಅಕ್ಕಿಯ ಮೇಲೆ ಬರೆದ ಹೊಸ ಹೆಸರಲ್ಲಿ ಇದ್ದಾಳೆ. ಮನೆ ತಾಳೆಯಾಗುತ್ತದೆ, ಹೆಂಗಸು ಆಗುವುದಿಲ್ಲ. ಹೆಸರು ಬದಲಾಯಿಸುವ ಪದ್ಧತಿ ಎಲ್ಲರ ಮನೆಯದ್ದಲ್ಲ, ಆದರೆ ಹಳೆಯ ಮನೆಗಳಲ್ಲಿ ಇತ್ತು. ಅವಳ ಮನೆಯಲ್ಲೂ ಇತ್ತು.

ಶಶಾಂಕನಿಗೆ ಫೋನು ಮಾಡಿದಳು.

"ಆರ್ಫನ್ ರೋ ಅಂತಾರೆ ಮೇಡಂ ಅದಕ್ಕೆ. ಅನಾಥ ಸಾಲು. ಅರವತ್ತೊಂದೇನಾ? ಭಾರಿ ಕಮ್ಮಿ ಆಯ್ತು, ನಾನು ಮುನ್ನೂರು ಬರ್ತದೆ ಅಂದ್ಕೊಂಡಿದ್ದೆ. ಡಿಲೀಟ್ ಹೊಡೀರಿ."

"ಡಿಲೀಟಾ? ಸೇವೆ ಬರೆಸಿದ್ದಾರಲ್ಲ."

"ಫೋನಿಲ್ಲ, ಮನೆಗೆ ಲಿಂಕಿಲ್ಲ. ಮೆಸೇಜು ಯಾರಿಗೆ ಕಳಿಸೋದು ಮೇಡಂ? ಸತ್ತವರಿಗಾ?" ಅವನು ನಕ್ಕ. "ಸೋಮವಾರ ಬೆಳಗ್ಗೆ ಒಂದ್ಸಲ ನೆನಪು ಮಾಡ್ತೀನಿ."

ದೀಪಶ್ರೀ ಕಾಫಿ ತರಲು ಕೆಳಗೆ ಹೋದಳು. ಮೂಕಾಂಬಿಕಾ ಆ ಹೆಸರುಗಳನ್ನು ಒಂದೊಂದಾಗಿ ಓದತೊಡಗಿದಳು. ಡಿಲೀಟ್ ಮಾಡುವ ಮೊದಲು ಯಾರಾದರೂ ಒಮ್ಮೆ ಓದಲಿ ಎಂಬಷ್ಟೇ ಅವಳ ಮನಸ್ಸಿನಲ್ಲಿದ್ದದ್ದು. ನಲವತ್ತಮೂರನೆಯ ಸಾಲಿನಲ್ಲಿ ಅವಳ ಕಣ್ಣು ನಿಂತಿತು.

ವಾಗ್ದೇವಿ. ಬರೆಸಿದವರು: ತಾಯಿ ಶೇಷಮ್ಮ, ನರಸಿಂಹರಾಜಪುರ. ಕೊಟ್ಟ ಮನೆ: ಕೆಳಗಿನಮನೆ, ಮೆಣಸೆ. ತಿಥಿ: ಭಾದ್ರಪದ ಬಹುಳ ಪಂಚಮಿ. 1999.

ಮೆಣಸೆಯ ಕೆಳಗಿನಮನೆ ಅವಳದೇ ಮನೆ. ಈ ಸಾಲನ್ನೂ ಹೊಡೆದದ್ದು ತಾನೇ; ಸಾವಿರಾರು ಸಾಲಿನ ನಡುವೆ ಕೈ ಹೊಡೆದಿತ್ತು, ಕಣ್ಣು ಓದಿರಲಿಲ್ಲ.

ತನ್ನ ಗಂಡ ಸಚ್ಚಿದಾನಂದನಿಗೆ ತನಗಿಂತ ಮೊದಲು ಒಬ್ಬಳು ಹೆಂಡತಿ ಇದ್ದಳು, ಮದುವೆಯಾದ ಎರಡೇ ವರ್ಷಕ್ಕೆ ಜ್ವರ ಬಂದು ಹೋದಳು ಎಂಬುದು ಅವಳಿಗೆ ಗೊತ್ತಿತ್ತು. ಅವಳ ಹೆಸರೂ ಮೂಕಾಂಬಿಕಾ ಎಂದು ಗೊತ್ತಿತ್ತು. ಅದೇ ಹೆಸರನ್ನು ತನಗೂ ಇಟ್ಟದ್ದು ಅತ್ತೆ ಸುಬ್ಬಮ್ಮ. ರೇಷನ್ ಕಾರ್ಡು, ಮತದಾರರ ಪಟ್ಟಿ ಎಲ್ಲ ಕಡೆ ಆ ಹೆಸರೇ ಇದೆ, ಮತ್ತೆ ತಿದ್ದಿಸುವ ರಗಳೆ ಯಾಕೆ ಎಂದಿದ್ದರು. ಇಪ್ಪತ್ತಮೂರು ವರ್ಷದ ಹುಡುಗಿ ಆಗ ಏನು ಹೇಳಿಯಾಳು? ತೀರಿಕೊಂಡವಳಿಗೆ ಅದು ಹುಟ್ಟಿನಿಂದ ಬಂದ ಹೆಸರು ಎಂದೇ ಇಷ್ಟು ವರ್ಷ ತಿಳಿದಿದ್ದಳು. ಅವಳಿಗೂ ಅದನ್ನು ತೊಡಿಸಿದ್ದೇ ಎಂಬುದು ಈಗ ಗೊತ್ತಾಗುತ್ತಿತ್ತು.

ಕಂಪ್ಯೂಟರಿನಲ್ಲಿ ಕುಟುಂಬದ ಟೇಬಲ್ ತೆರೆದು ತನ್ನ ಮನೆಯ ಸಾಲನ್ನು ಹುಡುಕಿದಳು. ಯಜಮಾನ ಸಚ್ಚಿದಾನಂದ, ಪತ್ನಿ ಮೂಕಾಂಬಿಕಾ, ಮದುವೆ 1997, ಜೀವಂತ: ಹೌದು. ಈ ಸಾಲನ್ನು ಮೂರು ತಿಂಗಳ ಹಿಂದೆ ತಾನೇ ಹೊಡೆದಿದ್ದಳು. ಮದುವೆಯ ವರ್ಷ ತಪ್ಪಿದೆ, 2001 ಆಗಬೇಕಿತ್ತು, ಗುಮಾಸ್ತರ ಕಣ್ತಪ್ಪು ಎಂದುಕೊಂಡು ಮುಂದೆ ಹೋಗಿದ್ದಳು. ಯಾರ ಕಣ್ಣೂ ತಪ್ಪಿರಲಿಲ್ಲ. 1997ರಲ್ಲಿ ಹೆಸರು ಬರೆಸಿಕೊಂಡ ಹೆಂಗಸು ಬೇರೆ. 2001ರಲ್ಲಿ ಹೊಸಬಳು ಬಂದಾಗ ಅದೇ ಹೆಸರು ನೋಡಿ, ಬರೆಯುವುದೇನಿದೆ ಎಂದು ಪುಸ್ತಕ ಮುಚ್ಚಿದ್ದಾರೆ. ಈ ಲೆಕ್ಕದಲ್ಲಿ ಅವಳು ಸಾಯಲೇ ಇಲ್ಲ. ಇವಳು ಬರಲೇ ಇಲ್ಲ.

ಫ್ಯಾನು ತಿರುಗುತ್ತಿತ್ತು. ಕೆಳಗಿನ ರಸ್ತೆಯಲ್ಲಿ ಕೊಪ್ಪದ ಬಸ್ಸಿನ ಕಂಡಕ್ಟರು ಜನ ಕರೆಯುತ್ತಿದ್ದ. ತನ್ನ ಬೆನ್ನ ಹಿಂದೆ ಯಾರೋ ನಿಂತು ಪರದೆ ಓದುತ್ತಿದ್ದಾರೆ ಎನ್ನಿಸಿ ಮೂಕಾಂಬಿಕಾ ತಿರುಗಿದಳು. ಯಾರೂ ಇರಲಿಲ್ಲ.

ಹಾಗನ್ನಿಸುವುದು ಅವಳಿಗೆ ಹೊಸತೂ ಅಲ್ಲ. ಮನೆಯಲ್ಲಿ ಯಾರಾದರೂ "ಮೂಕಾಂಬಿಕಾ" ಎಂದು ಕರೆದಾಗ ಓ ಎನ್ನುವ ಮೊದಲು ಒಂದು ಕ್ಷಣ ಬಾಯಿ ಕಟ್ಟಿದಂತಾಗುತ್ತಿತ್ತು. ತನಗಿಂತ ಮೊದಲು ಇನ್ಯಾರೋ ಏಳುತ್ತಿದ್ದಾರೆ, ಅವರು ಎದ್ದು ಹೋಗಲಿ ಎಂದು ತಾನು ದಾರಿ ಬಿಡುತ್ತಿದ್ದೇನೆ ಎಂಬ ಹಾಗೆ. ಪಿತೃಪಕ್ಷದಲ್ಲಂತೂ ಇನ್ನೂ ಕಷ್ಟ. ಚಾವಡಿಯಲ್ಲಿ ಪುರೋಹಿತರು ಹೋದವರ ಹೆಸರುಗಳನ್ನು ಒಂದೊಂದಾಗಿ ಹೇಳಿಸಿ ಸಚ್ಚಿದಾನಂದನ ಕೈಯಿಂದ ಎಳ್ಳುನೀರು ಬಿಡಿಸುವಾಗ, ಅವಳು ಒಳಗೆ ವಡೆಯ ಹಿಟ್ಟು ತಟ್ಟುತ್ತಾ ತನ್ನ ಹೆಸರು ಬರುವುದನ್ನು ಕಾಯುತ್ತಿದ್ದಳು. ಬರುತ್ತಿತ್ತು. ಮಾವನ ಹೆಸರು, ಅಜ್ಜನ ಹೆಸರು ಎಲ್ಲ ಆದ ಮೇಲೆ, ಪತ್ನಿ ಮೂಕಾಂಬಿಕಾ. ಎಣ್ಣೆಯಲ್ಲಿ ವಡೆ ಸುಯ್ ಎನ್ನುತ್ತಿತ್ತು. ಆ ನೀರು ಯಾರಿಗೆ ಹೋಯಿತು? ಹೋದವಳಿಗೆ ಅದು ಅವಳ ಹೆಸರೇ ಅಲ್ಲ. ಇದ್ದವಳಿಗೆ ಅದು ಬೇಡ.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಸುಬ್ಬಮ್ಮ ಹಿಂದಿನ ಜಗಲಿಯಲ್ಲಿ ಕಾಲು ಚಾಚಿ ಕೂತು ಪತ್ರೊಡೆಗೆಂದು ಕೆಸುವಿನ ಎಲೆಯ ನಾರು ತೆಗೆಯುತ್ತಿದ್ದರು. ಎಂಬತ್ತನಾಲ್ಕು ವರ್ಷ, ಕಣ್ಣು ಮಂಜು, ಕೈ ಮಾತ್ರ ಚುರುಕು.

"ಅತ್ತೆ, ವಾಗ್ದೇವಿ ಅಂದ್ರೆ ಯಾರು?"

ಸುಬ್ಬಮ್ಮನ ಕೈ ನಿಲ್ಲಲಿಲ್ಲ. ಒಂದು ಎಲೆ ಮುಗಿಸಿ ಇನ್ನೊಂದು ತೆಗೆದುಕೊಂಡರು. "ನಿಂಗೆ ಎಲ್ಲಿ ಸಿಕ್ತು ಆ ಹೆಸರು?"

"ಆಫೀಸಿನ ಪುಸ್ತಕದಲ್ಲಿ. ಅವರ ಅಮ್ಮ ಸೇವೆ ಬರೆಸಿದ್ದಾರೆ."

"ಆ ಹೆಂಗಸಿಗೆ ಬೇರೆ ಕೆಲಸ ಇರಲಿಲ್ಲ. ನಾವು ಹೆಸರು ಇಟ್ಟಾದ ಮೇಲೂ ಬಂದಾಗೆಲ್ಲ ವಾಗೀ, ವಾಗೀ ಅಂತ ಕರೆಯೋದು. ಇವಳೂ ಓಡಿ ಹೋಗೋದು. ನಾನು ಮೂಕಾಂಬಿಕಾ ಅಂತ ಕರೆದರೆ ನಾಲ್ಕು ಸಲಕ್ಕೆ ಒಂದ್ಸಲ ತಿರುಗಿ ನೋಡೋಳು."

"ನಂಗೂ ಅದೇ ಹೆಸರು ಯಾಕೆ ಇಟ್ರಿ?"

"ಹೇಳಿದ್ದೆನಲ್ಲ ಮಾರಾಯ್ತಿ. ಕಾಗದ ಪತ್ರದ ರಗಳೆ."

"ಅಷ್ಟೇನಾ?"

ಸುಬ್ಬಮ್ಮ ಎಲೆಯನ್ನು ಬೆಳಕಿಗೆ ಹಿಡಿದು ನೋಡಿದರು. ಮುದುಕಿಗೆ ಕೋಪ ಬಂತೇನೋ ಎಂದುಕೊಂಡಳು ಮೂಕಾಂಬಿಕಾ. ಆದರೆ ಅವರು ಮಾತಾಡಿದಾಗ ದನಿ ತಗ್ಗಿತ್ತು.

"ಅವಳು ಹೋದ ಮೇಲೆ ಸಚ್ಚಿ ನಿದ್ದೇಲಿ ಕರೀತಿದ್ದ. ಒಂದು ದಿನ ಅಲ್ಲ, ಎರಡು ದಿನ ಅಲ್ಲ. ಮೂಕಾಂಬಿಕಾ, ಮೂಕಾಂಬಿಕಾ ಅಂತ. ನಂಗೆ ಹೆದರಿಕೆ ಆಯ್ತು. ಹೋದವರನ್ನ ಹಾಗೆ ಕರೀಬಾರದು, ಕರೆದರೆ ಬರ್ತಾರೆ. ಓ ಅನ್ನೋಳು ಒಬ್ಬಳು ಮನೇಲಿದ್ರೆ ಅವಳಿಗೆ ಬರೋ ಕೆಲಸ ಇರೋದಿಲ್ಲ. ನಾನು ಹಾಗೆ ಅಂದ್ಕೊಂಡೆ."

"ಆಮೇಲೆ ಬರಲಿಲ್ವಾ?"

"ಇಲ್ಲ," ಎಂದರು ಸುಬ್ಬಮ್ಮ. ಕೈಯಲ್ಲಿದ್ದ ಎಲೆಯನ್ನು ಉಳಿದವುಗಳ ಮೇಲಿಟ್ಟು, "ನೀ ಬಂದೆಯಲ್ಲ," ಎಂದರು.

ಮೂಕಾಂಬಿಕಾ ಅಲ್ಲಿಂದ ಎದ್ದು ಒಳಗೆ ಬಂದು ಒಲೆಯ ಮುಂದೆ ನಿಂತಳು. ಏನು ಮಾಡಲು ಬಂದೆ ಎಂಬುದು ನೆನಪಾಗಲಿಲ್ಲ.

ಭಾನುವಾರ ಬೆಳಗ್ಗೆ ಸಚ್ಚಿದಾನಂದ ಬಚ್ಚಲಿನಿಂದ ಕರೆದ. "ಮೂಕಾಂಬಿಕಾ, ಪಂಚೆ!" ಪಾಠಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದ ಗಂಟಲು, ಮೆಲ್ಲಗೆ ಕರೆಯಲು ಬರುವುದಿಲ್ಲ. ಪಂಚೆ ಅವಳ ಕೈಯಲ್ಲೇ ಇತ್ತು. ಅವಳು ಓ ಎನ್ನಲಿಲ್ಲ. ನೋಡೋಣ ಎಂದು ಬಾಗಿಲ ಮರೆಯಲ್ಲಿ ನಿಂತಳು. ಏನನ್ನು ನೋಡಬೇಕಿತ್ತೋ ಅವಳಿಗೂ ಗೊತ್ತಿರಲಿಲ್ಲ.

"ಮೂಕಾಂಬಿಕಾ?"

ಈ ಸಲ ದನಿ ಬೇರೆಯಾಗಿತ್ತು. ಪಂಚೆ ಕೇಳುವ ದನಿಯಲ್ಲ. ನಿಜವಾಗಿ ಯಾರಾದರೂ ಇದ್ದೀರಾ ಎಂದು ಕೇಳುವ ದನಿ. ನೀರು ತೊಟ್ಟಿಕ್ಕುವುದು ಕೇಳುತ್ತಿತ್ತು. ಆಮೇಲೆ ಬಾಗಿಲು ತೆರೆದು ಅವನು ಹೊರಗೆ ಮುಖ ಹಾಕಿದ. ಅವಳನ್ನು ಕಂಡು ಒಂದು ಕ್ಷಣ ಗುರುತು ಸಿಗದವನಂತೆ ನೋಡಿದ.

"ಇಲ್ಲೇ ಇದ್ದೀಯಲ್ಲ. ಓ ಅನ್ನಲಿಕ್ಕೆ ಎಂತ ದಾಡಿ?"

"ಕೇಳಿಸಲಿಲ್ಲ."

ತಿಂಡಿಗೆ ಕೂತಾಗ ಅವಳು ಮೆಸೇಜಿನ ವಿಷಯ ತೆಗೆದಳು. "ಇನ್ಮೇಲೆ ತಿಥಿ ಇದ್ದಾಗ ನಿಮ್ಮ ಫೋನಿಗೆ ಮೆಸೇಜು ಬರ್ತದೆ. ಹೆಸರು ಹಾಕಿ."

"ಅಪ್ಪನ ತಿಥಿ ನೆನಪಿಸ್ಲಿಕ್ಕೆ ನಂಗೆ ಫೋನು ಬೇಕಾ?" ಎಂದು ಅವನು ನಕ್ಕ. "ಬೇರೆ ಯಾರದ್ದಿದೆ ನಮ್ಮ ಮನೆಯದ್ದು?"

ಹೇಳುವುದಿದ್ದರೆ ಅದೇ ಹೊತ್ತು. ಅವನು ದೋಸೆ ಮುರಿಯುತ್ತಿದ್ದ. ಕಿವಿಯ ಹಿಂದೆ ಇನ್ನೂ ಸೋಪಿನ ನೊರೆ ಇತ್ತು. ಈ ಮನುಷ್ಯ ಇಪ್ಪತ್ತನಾಲ್ಕು ವರ್ಷ ಹೋದವಳ ಹೆಸರು ಹಿಡಿದು ಅಳಲಿಕ್ಕೂ ಆಗದೆ ಇದ್ದಾನೆ; ಕರೆದರೆ ತಾನು ಕಾಫಿ ಹಿಡಿದು ಬಂದುಬಿಡುತ್ತಿದ್ದೆ. ಹಾಗೆಂದು ಈಗ ವಾಗ್ದೇವಿ ಎಂದರೆ ಅವನಿಗೆ ಅದು ಯಾರೋ ಅತ್ತೆಮನೆಯವರು ಕರೆಯುತ್ತಿದ್ದ ಹೆಸರು. ಅವನು ಕಳೆದುಕೊಂಡದ್ದು ಮೂಕಾಂಬಿಕೆಯನ್ನು.

"ಇಲ್ಲ, ಸುಮ್ಮನೆ ಹೇಳಿದೆ," ಎಂದಳು. "ಇನ್ನೊಂದು ದೋಸೆ?"

ಸೋಮವಾರ ಅವಳು ಒಂದು ಬಸ್ಸು ಮೊದಲೇ ಕಚೇರಿಗೆ ಬಂದಳು. ಕಸ ಗುಡಿಸುವವರೂ ಬಂದಿರಲಿಲ್ಲ. ಅರವತ್ತೊಂದು ಸಾಲನ್ನು ಮತ್ತೆ ತೆರೆದು ಕೂತಳು. ಡಿಲೀಟ್ ಎಂಬ ಒಂದೇ ಸಾಲಿನ ಆಜ್ಞೆ ಹೊಡೆದರೆ ಸಾಕಿತ್ತು. ಬರುವ ಪಂಚಮಿಗೆ ಅರ್ಚಕರು ಪಟ್ಟಿ ಓದುವಾಗ ಒಂದು ಹೆಸರು ಕಮ್ಮಿ. ಶೇಷಮ್ಮ ಇದ್ದಾರೋ ಇಲ್ಲವೋ. ಇದ್ದರೂ ಆಕೆಯ ಫೋನು ಪುಸ್ತಕದಲ್ಲಿಲ್ಲ. ಆ ಹೆಸರನ್ನು ಬಾಯಿಬಿಟ್ಟು ಹೇಳುವ ಜಾಗ ಈ ಭೂಮಿಯ ಮೇಲೆ ಆ ಗುಡಿಯೊಂದೇ ಇದ್ದಿರಬೇಕು, ಅದೂ ವರ್ಷಕ್ಕೆ ಒಂದು ದಿನ. ಅದು ನಿಂತರೆ ವಾಗ್ದೇವಿ ಪೂರ್ತಿ ಮೂಕಾಂಬಿಕೆಯೇ ಆಗಿಬಿಡುತ್ತಾಳೆ. ತನ್ನೊಳಗೇ ಕರಗಿ, ತಾನು ಏಳುವ ಮೊದಲು ಏಳುತ್ತಾ, ತನ್ನ ಜೊತೆಗೇ ಮುದುಕಿಯಾಗುತ್ತಾ.

ಒಂಬತ್ತಕ್ಕೆ ಶಶಾಂಕನ ಫೋನು ಬಂತು.

"ಅನಾಥರ ಗತಿ ಎಂತ ಆಯ್ತು ಮೇಡಂ?"

"ನೋಡ್ತಿದೀನಿ. ಸಂಜೆಗೆ ಟೇಬಲ್ ಸರಿ ಮಾಡಿ ಕಳಿಸ್ತೀನಿ."

"ಸರಿ ಮಾಡೋದು ಎಂತ ಇದೆ, ಒಂದು ಡಿಲೀಟು."

"ಸಂಜೆಗೆ ಕಳಿಸ್ತೀನಿ ಅಂದ್ನಲ್ಲ."

ಫೋನಿಟ್ಟು ಅವಳು ಕುಟುಂಬದ ಟೇಬಲ್ಲಿಗೆ ಹೊಸದೊಂದು ಕಾಲಂ ಸೇರಿಸಿದಳು. ಅದಕ್ಕೆ ತವರಿನ ಹೆಸರು ಎಂದು ಹೆಸರಿಟ್ಟಳು. ಇನ್ನು ಸೇವೆಯ ಹೆಸರು ಗಂಡನ ಮನೆಯ ಹೆಸರಿಗಾಗಲಿ, ಇದಕ್ಕಾಗಲಿ, ಯಾವುದಾದರೂ ಒಂದಕ್ಕೆ ತಾಳೆಯಾದರೆ ಜೋಡಿ ಎಂದು ಕ್ವೆರಿ ತಿದ್ದಿದಳು. ಕಾಲಂ ಮೇಲಿನಿಂದ ಕೆಳಗಿನವರೆಗೆ ಖಾಲಿ. ತುಂಬುವುದಕ್ಕೆ ಬರೀ ಪುಸ್ತಕ ಸಾಲದು. ಕೊಪ್ಪದಿಂದ ನರಸಿಂಹರಾಜಪುರದವರೆಗೆ ಒಂದೊಂದೇ ಮನೆಗೆ ಫೋನು ಮಾಡಿ, ನಿಮ್ಮ ಮನೆಯಲ್ಲಿ ತೀರಿಕೊಂಡ ಸೊಸೆಗೆ ಮೊದಲು ಏನು ಹೆಸರಿತ್ತು ಎಂದು ಕೇಳಬೇಕು. ಕೆಲವರು ಬೈದಾರು. ಕೆಲವರಿಗೆ ನೆನಪೇ ಇರಲಿಕ್ಕಿಲ್ಲ. ಸಂಜೆಯೊಳಗೆ ಎಷ್ಟಾಗುತ್ತದೋ ಅಷ್ಟು. ಉಳಿದವರು ಎದುರು ಖಾಲಿ ಇಟ್ಟುಕೊಂಡೇ ಪಟ್ಟಿಯಲ್ಲಿರಲಿ, ಲೆಫ್ಟ್ ಜಾಯಿನಿನಲ್ಲಿ.

ಕೆಳಗಿನಮನೆಗೆ ಒಂದು ಹೊಸ ಸಾಲು ಹಾಕಿದಳು. ಪತ್ನಿ ಮೂಕಾಂಬಿಕಾ, ತವರಿನ ಹೆಸರು ವಾಗ್ದೇವಿ, ಮದುವೆ 1997, ಜೀವಂತ: ಇಲ್ಲ. ಕೆಳಗಿನ ಸಾಲಿನಲ್ಲಿ ತನ್ನ ಮದುವೆಯ ವರ್ಷವನ್ನು 2001 ಎಂದು ತಿದ್ದಿದಳು. ತವರಿನ ಹೆಸರಿನ ಖಾಲಿ ಕೋಶದಲ್ಲಿ ಕುಮುದಾ ಎಂದು ಹೊಡೆದಳು. ಆ ಅಕ್ಷರಗಳನ್ನು ತಾನು ಕೊನೆಗೆ ಬರೆದದ್ದು ಡಿಪ್ಲೊಮಾ ಪರೀಕ್ಷೆಯ ಉತ್ತರ ಪತ್ರಿಕೆಯ ಮೇಲೆ ಎಂಬುದು ನೆನಪಾಯಿತು. ಕಂಪ್ಯೂಟರು ಏನೂ ಕೇಳದೆ ತೆಗೆದುಕೊಂಡಿತು.

ಕ್ವೆರಿ ಮತ್ತೆ ಓಡಿಸಿದಳು. ಅರವತ್ತು ಬಂತು.

ವಾಗ್ದೇವಿ ಈಗ ಜೋಡಿಯಾದವರ ದೊಡ್ಡ ಪಟ್ಟಿಯಲ್ಲಿದ್ದಳು, ತನ್ನ ತಿಥಿಯ ಜೊತೆ, ಕೆಳಗಿನಮನೆಯ ಎದುರು. ಅವಳ ಸಾಲಿನ ಕೊನೆಯಲ್ಲಿ ಒಂದು ಕೋಶ ಮಾತ್ರ ಖಾಲಿ ಉಳಿದಿತ್ತು. ಮೆಸೇಜು ಹೋಗಬೇಕಾದ ಫೋನು. ಮನೆಯ ಬೇರೆ ಸಾಲುಗಳಲ್ಲೆಲ್ಲ ಸಚ್ಚಿದಾನಂದನ ನಂಬರಿತ್ತು.

"ಎಂತ, ಬೆಳಗ್ಗೆ ಬೆಳಗ್ಗೆನೇ ಗರ ಬಡಿದವರ ಹಾಗೆ ಕೂತಿದೀಯ?" ದೀಪಶ್ರೀ ಒಳಗೆ ಬಂದು ಚೀಲವನ್ನು ಮೊಳೆಗೆ ತಗುಲಿಸಿದಳು. "ಮುಂದಿನ ವಾರ ರಜೆ ಗಿಜೆ ಹಾಕ್ಬೇಡ ಆಯ್ತಾ, ಪಕ್ಷದ ರಶ್ಶು ಒಬ್ಬಳೇ ಸುಧಾರಿಸ್ಲಿಕ್ಕೆ ನನ್ನ ಕೈಲಿ ಆಗಲ್ಲ."

"ಹ್ಞೂಂ," ಎಂದಳು.

ಕೋಶದಲ್ಲಿ ತನ್ನ ನಂಬರು ಹೊಡೆದು ಸೇವ್ ಮಾಡಿದಳು. ಪಂಚಮಿಯ ದಿನ ಬೆಳಗಿನ ಮೊದಲ ಬಸ್ಸಿಗೆ ನೆಮ್ಮಾರಿಗೆ ಹೋಗುವುದು, ಅಲ್ಲಿಂದ ಗುಡಿಯವರೆಗೆ ನಡೆಯುವುದು, ಹೆಸರು ಓದುವಾಗ ಎದುರಿಗೆ ನಿಲ್ಲುವುದು. ನೀವು ಇವರಿಗೆ ಏನಾಗಬೇಕು ಎಂದು ಅರ್ಚಕರು ಕೇಳಿದರೆ ಇವಳು ನನ್ನ ಅಕ್ಕ ಎನ್ನುವುದು. ಮನೆಯಲ್ಲಿ ಆಫೀಸಿಗೆ ಹೋದೆ ಎಂದುಕೊಳ್ಳಲಿ, ಆಫೀಸಿನಲ್ಲಿ ಮೈ ಹುಷಾರಿಲ್ಲ ಎಂದುಕೊಳ್ಳಲಿ. ಹೀಗೆಂದು ನಿಶ್ಚಯ ಮಾಡಿಕೊಂಡು ಅವಳು ಅರವತ್ತರಲ್ಲಿ ಮೊದಲ ಮನೆಯ ನಂಬರು ಒತ್ತಿ, ಆ ಕಡೆ ಯಾರಾದರೂ ಎತ್ತಲಿ ಎಂದು ಕಾಯುತ್ತಾ ಕೂತಳು.